ಒಂದರ ಹಿಂದೊಂದು ನಿಂತ ಕಾಲಾಳುಗಳು

ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ನ ಆಸ್ಪತ್ರೆಯಲ್ಲಿ ನಾನು ನರ್ಸ್. ನನಗೆ ಚೆಸ್ ಹುಚ್ಚು ಹತ್ತಿಸಿದವರು ಅಲ್ಲೇ ಡಾಕ್ಟರಾಗಿದ್ದ ಧಾರವಾಡದ ಅಕ್ಕ. ಊಟದ ಬಿಡುವಿನಲ್ಲಿ ಅವರು ಮಡಚುವ ಬೋರ್ಡು ಬಿಚ್ಚುತ್ತಿದ್ದರು. ಮೈಸೂರಿನಲ್ಲಿ ಅಣ್ಣನ ಜೊತೆ ಆಡಿ ಕಲಿತ ನಾನು, ಮಂತ್ರಿಯನ್ನು ನುಗ್ಗಿಸಿ ಸೋಲುತ್ತಿದ್ದೆ. ಒಂದು ದಿನ ಅಕ್ಕ ರಾಜರನ್ನೂ ಕಾಲಾಳುಗಳನ್ನೂ ಬಿಟ್ಟು ಉಳಿದದ್ದನ್ನೆಲ್ಲ ಎತ್ತಿಟ್ಟರು.

“ಈಗ ನೋಡು ತಂಗಿ. ಆನಿ, ಕುದರಿ ಹೋಗ್ತಾವು, ತಿರುಗಿ ಬರ್ತಾವು. ಕಾಲಾಳು ಒಮ್ಮೆ ಮುಂದ ಹೋತಂದ್ರ ಹಿಂದ ಬರಂಗಿಲ್ಲ. ಅವು ಹೆಂಗ ನಿಂತಾವ ಅನ್ನೋದನ್ನ ಮೊದಲ ನೋಡು.”

ಆಮೇಲೆ ನನಗೆ ಬೇರೇನೂ ಕಾಣಲಿಲ್ಲ. ವೆಲಿಂಗ್ಟನ್‌ನಿಂದ ಬರುವಾಗ ರೈಲಿನಲ್ಲಿ ಫೋನು ಹಿಡಿದು ಕೂತರೆ, ಒಂಟಿಯಾದ ಕಾಲಾಳು ಯಾವುದು, ಜೊತೆಯಿರುವುದು ಯಾವುದು ಎಂದು ಹುಡುಕುವುದೇ ಕೆಲಸ.

“ಮಮ್, ವಿ ಮಿಸ್ಡ್ ಅವರ್ ಸ್ಟಾಪ್” ಎಂದಳು ಒಮ್ಮೆ ಮಗಳು. ನಿಜಕ್ಕೂ ನಮ್ಮ ಸ್ಟೇಷನ್ ದಾಟಿಹೋಗಿತ್ತು.

ಹೋದ ಚಳಿಗಾಲದ ಒಂದು ಶನಿವಾರ, ನಾನೂ ಅಕ್ಕನೂ ಸೇರಿದ್ದ ಚೆಸ್ ಕ್ಲಬ್ಬಿಗೂ ವೆಲಿಂಗ್ಟನ್‌ನ ಒಂದು ಕ್ಲಬ್ಬಿಗೂ ಪಂದ್ಯ. ನನ್ನೆದುರು ಕೂತವನು ಬಿಲ್ಡರ್. ಹೊರಗೆ ಸಾಮಾನು ಹೇರುವ ಯೂಟ್ ಗಾಡಿ ನಿಲ್ಲಿಸಿ ಕೆಲಸದ ಬೂಟಿನಲ್ಲೇ ಬಂದಿದ್ದ. ಆಟದ ಶುರುವಿಗೇ ನನ್ನ ಒಂಟೆಯಿಂದ ಅವನ ಕುದುರೆ ಹೊಡೆದೆ. ಅವನು ಕಾಲಾಳಿನಿಂದ ಒಂಟೆ ಹೊಡೆದ. ಹಾಗಾಗಿ ನನ್ನ ಎಡಗಡೆ ಅವನ ಎರಡು ಕಾಲಾಳು ಒಂದೇ ಗೆರೆಯಲ್ಲಿ, ಒಂದರ ಹಿಂದೊಂದು ಸಿಕ್ಕಿಕೊಂಡವು. ಅಕ್ಕ ಎಷ್ಟೋ ಸಲ ತೋರಿಸಿದ್ದ ನಿಲುವು ಅದು.

ಸಿಕ್ಕಿದ ಕಾಯನ್ನೆಲ್ಲ ಬದಲಿಗೆ ಬದಲಿ ಕೊಡುತ್ತಾ ಹೋದೆ. ಆನೆಗೆ ಆನೆ, ಮಂತ್ರಿಗೆ ಮಂತ್ರಿ. ಕೊನೆಗೆ ಉಳಿದದ್ದು ಇಬ್ಬರು ರಾಜರು, ಇಬ್ಬರಿಗೂ ಏಳೇಳು ಕಾಲಾಳು. ಉಳಿದ ಆಟಗಳೆಲ್ಲ ಮುಗಿದು ಎರಡೂ ಕ್ಲಬ್ಬುಗಳು ಸಮ ನಿಂತಿದ್ದವು. ಅಕ್ಕ ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು, ಮುಖದಲ್ಲಿ ಏನೂ ತೋರಿಸದೆ.

“ಡ್ರಾ ಮಾಡೋಣವೇ?” ಎಂದ ಬಿಲ್ಡರ್.

ಎಡಗಡೆ ಅವನದು ನಾಲ್ಕು, ನನ್ನದು ಮೂರು. ಆದರೆ ಆ ನಾಲ್ಕರಲ್ಲಿ ಒಂದು ಇನ್ನೊಂದರ ಬೆನ್ನಿಗೆ ಅಂಟಿತ್ತು. ನನ್ನ ಮೂವರೇ ಅವರನ್ನೆಲ್ಲ ತಡೆಯಬಲ್ಲರು. ಬಲಗಡೆ ನನ್ನ ನಾಲ್ವರೆದುರು ಅವನ ಮೂವರು. ಅಲ್ಲಿ ನನ್ನದೊಂದು ಕಾಲಾಳು ತಪ್ಪಿಸಿಕೊಂಡು, ಕೊನೆಯ ಮನೆ ಮುಟ್ಟಿ ಮಂತ್ರಿಯಾಗಲು ಓಡಿಯೇ ಓಡುತ್ತದೆ.

“ಇಲ್ಲ, ಆಡೋಣ” ಎಂದೆ. ದನಿ ಜೋರಾಗಿಯೇ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಬಲಗಡೆಯ ಕಾಲಾಳುಗಳನ್ನು ಒಂದೊಂದೇ ಮನೆ ನೂಕಿದೆ. ಒಂದು ಬಿಡಿಸಿಕೊಂಡಿತು. ಅದನ್ನು ತಡೆಯಲು ಅವನ ರಾಜ ಅತ್ತ ಓಡಿದ. ನನ್ನ ರಾಜ ಇತ್ತ ಎಡಕ್ಕೆ ನುಗ್ಗಿ, ಕಾವಲಿಲ್ಲದ ಆ ಕಾಲಾಳುಗಳನ್ನು ತಿನ್ನತೊಡಗಿದ. ಬಿಲ್ಡರ್ ತುಂಬ ಹೊತ್ತು ಬೋರ್ಡು ನೋಡಿ, ನಕ್ಕು, ಸೋಲೊಪ್ಪಿ ಕೈ ಚಾಚಿದ.

“ಸಮ ಇದೆ ಅಂದುಕೊಂಡಿದ್ದೆ. ಎಲ್ಲಿ ತಪ್ಪಿದೆ, ತೋರಿಸು” ಎಂದು ಮತ್ತೆ ಕಾಯಿ ಜೋಡಿಸಿದ.

ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಡ್ರಾ ಅಂದ್ರ ಹೂಂ ಅಂತೀಯೇನೋ ಅಂತ ಹೆದರಿದ್ದೆ ನೋಡು” ಎಂದರು ಮೆಲ್ಲಗೆ.

“ನಾನೂ ಹೆದರಿದ್ದೆ, ಅಕ್ಕ” ಎಂದೆ. ಅಷ್ಟರಲ್ಲಿ ಬಿಲ್ಡರ್ ಮೊದಲ ನಡೆ ಇಟ್ಟಾಗಿತ್ತು.