ದನದ ಪಾತ್ರೆಯಲ್ಲಿ ಬಂದ ಹುರುಳಿ

ಕಳೆದ ಮಾಘ ಮಾಸದ ಆ ಬೆಳಗ್ಗೆ ನನ್ನ ಹೆಂಡತಿ ಸುಮತಿ ತೀರಿಕೊಂಡು ಎರಡು ತಾಸು ಆಗಿತ್ತು. ಅಂಗಳದಲ್ಲಿ ನೆಂಟರು ಸೇರುತ್ತಿದ್ದರು. ನೀರು ಸೇದಲೆಂದು ನಾನು ಹಿತ್ತಲ ಬಾವಿಗೆ ಬಂದೆ. ಮೆಟ್ಟಿಲ ಬಳಿ, ನಮ್ಮ ಮನೆಗೆ ಬೇಯಿಸಿದ ಹುರುಳಿ ತರುತ್ತಿದ್ದ ಹೆಂಗಸು ಬಂಗಾರಿ ಗೌಡ ನಿಂತಿದ್ದರು. ಕೈಯಲ್ಲಿ ಮುಚ್ಚಳ ಹಾಕಿದ ಹಳೆಯ ಅಲ್ಯೂಮಿನಿಯಂ ಪಾತ್ರೆ. ಹೊನ್ನಾವರ ಪೇಟೆಯ ಆಚೆ, ಗದ್ದೆಬದಿಯ ಕೇರಿಯಿಂದ ನಡೆದು ಬಂದವರಿಗೆ ಸುದ್ದಿ ತಲುಪಿರಲಿಲ್ಲ.

“ಅಮ್ಮೋರು ನಿನ್ನೆ ಹುರುಳಿ ಪೂರಾ ತಿಂದ್ರಾ ಮಾಸ್ತರ್ರೇ?”

“ಅವಳಿಗೆ ಎಂತಕ್ಕೆ ಹುರುಳಿ? ದಿನಾ ದನಕ್ಕೆ ಹಾಕ್ತಾ ಇದ್ನಲ್ಲ” ಎಂದೆ. “ನಿನ್ನ ಅಮ್ಮೋರು ಹೋತು ಬಂಗಾರಿ.”

ಅವರು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತರು. ಮುಚ್ಚಳ ತೆಗೆದು ಒಳಗೆ ನೋಡಿ ಕೇಳಿದರು: “ಹತ್ತೊಂಬತ್ತು ದಿನಾನೂ ದನಕ್ಕೇ ಹಾಕಿದ್ರಾ?”

ನಾನು ಮಾಡಿದ್ದೇನು ಎಂಬುದು ನನಗೆ ತಿಳಿದದ್ದು ಆ ಮಾತಿನಿಂದ. ಅದನ್ನು ಹೇಳುವ ಮೊದಲು ಬಂಗಾರಿಯವರ ಕೆಲಸ ಹೇಳಬೇಕು. ಈ ಬರಹ ಅವರ ಬಗ್ಗೆ.

ಸುಮತಿ ಹೋಗಿ ಎಂಟು ತಿಂಗಳಾಯಿತು. ಇವತ್ತು ಬೆಳಗಿನ ಐದು ಗಂಟೆ. ಬಂಗಾರಿಯವರ ಮನೆಯ ಹಿಂಬದಿಯ ಮಾಡಿನಡಿ ಒಲೆ ಉರಿಯುತ್ತಿದೆ. ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆಯ ಗಂಟು. ಬಿಚ್ಚಿದರೆ ಎರಡು ರಾತ್ರಿ ಕಳೆದ ಹುರುಳಿ, ಕಾಳಿಗೊಂದು ಬಿಳಿ ಮೊಳಕೆ. ಅವರು ಒಂದು ಹಿಡಿ ತೆಗೆದು ಮೂಗಿನ ಬಳಿ ಹಿಡಿಯುತ್ತಾರೆ. ಹುಳಿ ವಾಸನೆ ಬಂದರೆ ಆ ಗಂಟು ಪೂರಾ ಕೋಳಿಗೆ. ಇವತ್ತು ಬಂದಿಲ್ಲ. ಕುದಿವ ನೀರಿಗೆ ಕಾಳು ಬೀಳುತ್ತದೆ. ಉಪ್ಪು ಹಾಕುವುದು ಕಾಳು ಮೆತ್ತಗಾದ ಮೇಲೆಯೇ.

“ಮೊದ್ಲೇ ಉಪ್ಪು ಬಿದ್ರೆ ಕಾಳು ಹಟ ಹಿಡೀತದೆ. ಎಷ್ಟು ಬೆಂಕಿ ಹಾಕಿದ್ರೂ ಬೇಯೂದಿಲ್ಲ” ಎನ್ನುತ್ತಾರೆ. ಎರಡು ಬೆರಳಲ್ಲಿ ಹಿಚುಕಿದರೆ ಕಾಳು ಮಣಿಯಬೇಕು, ಸಿಪ್ಪೆ ಬಿಡಬಾರದು. ಅದೇ ಅವರ ಹದ.

ಮಾರುವ ಡಬ್ಬಿಗಳಿಗೆ ಸೋಮವಾರ ಹುರುಳಿ, ಮರುದಿನ ಹೆಸರು, ಆಮೇಲೆ ಅಲಸಂದೆ, ಮತ್ತೆ ಹುರುಳಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬಸಿದ ಕಟ್ಟು ಚೆಲ್ಲುವುದಿಲ್ಲ. ಮೆಣಸು ಜಜ್ಜಿ ಹಾಕಿ ಸಾರು ಮಾಡಿ ಬಾಟಲಿಗೆ ತುಂಬುತ್ತಾರೆ. ಆರೂವರೆಯೊಳಗೆ ಡಬ್ಬಿಗಳು ಬಸ್‌ಸ್ಟ್ಯಾಂಡಿನಲ್ಲಿರಬೇಕು. ಭಟ್ಕಳದ ಬಸ್ಸಿಗೆ ಒಂದು ಚೀಲ, ಕುಮಟೆಗೆ ಇನ್ನೊಂದು. ಉಳಿದದ್ದು ಹೊನ್ನಾವರದಲ್ಲೇ, ನಡೆದು ಕೊಟ್ಟು ಬರುವುದು.

ತಿನ್ನುವವರು ಜಿಮ್ಮಿಗೆ ಹೋಗುವ ಹುಡುಗ ಹುಡುಗಿಯರು, ಸಕ್ಕರೆ ಕಾಯಿಲೆಯವರು, ಹೆರಿಗೆಯ ಮೇಲೆ ಮೈ ಇಳಿಸಬೇಕೆನ್ನುವವರು. ಇದನ್ನು ಶುರು ಮಾಡಿಸಿದ್ದು ಕುಮಟೆಯ ಸುಶ್ಮಿತಾ. ಹೆಂಗಸರಿಗೆ ವ್ಯಾಯಾಮ ಕಲಿಸುವ ಹುಡುಗಿ. ಐದು ವರ್ಷದ ಹಿಂದೆ ಸಂತೆಯಲ್ಲಿ ಕಾಳು ಮಾರುತ್ತ ಕೂತಿದ್ದ ಬಂಗಾರಿಯವರು ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ರುಚಿ ನೋಡಿದವಳು, “ಅಕ್ಕಾ, ಕಾಳು ಬೇಡ, ನಂಗೆ ಇದನ್ನೇ ಕೊಡು” ಎಂದಳಂತೆ. ಅವಳು ಬರೆದುಕೊಟ್ಟ ಚೀಟಿ ಈಗಲೂ ಗೋಡೆಯಲ್ಲಿದೆ: ಒಂದು ಡಬ್ಬಿಗೆ ಹದಿನೈದು ಗ್ರಾಂ ಪ್ರೋಟೀನು. ಓದಲು ಬಾರದ ಬಂಗಾರಿಯವರು ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ.

“ಕಾಯಿ ಹಾಕ್ಲೇಬೇಡ ಅಂದ್ಳು. ಕಾಯಿ ಇಲ್ದೆ ಎಂತ ಅಡುಗೆ ಮಾರಾಯ್ತಿ, ನೀನು ಕಬ್ಬಿಣ ಎತ್ತೂದು ಬಿಡು, ನಾನು ಕಾಯಿ ಬಿಡ್ತೆ ಅಂದೆ. ಕಡೆಗೆ ಒಂದು ಹಿಡಿಗೆ ಒಪ್ಕಂಡ್ಳು.”

ಗಂಡ ದೇವು ಗೌಡರು ಭತ್ತ ಕೊಯ್ದ ಗದ್ದೆಯಲ್ಲಿ ಹುರುಳಿ ಬೆಳೆಯುತ್ತಾರೆ. ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತವರು ನನ್ನ ಕಡೆ ತಿರುಗುತ್ತಾರೆ. “ಇದ್ನ ತಿಂದು ಕಬ್ಬಿಣ ಎತ್ತಿ ಫೋಟೋ ತೆಗೀತಾರಂತೆ ಮಾಸ್ತರ್ರೇ. ನಾನು ಐವತ್ತು ವರ್ಷ ಇದ್ನೇ ತಿಂದು ನೇಗಿಲು ಹೊತ್ತೆ. ಒಬ್ಬನೂ ಒಂದು ಫೋಟೋ ತೆಗೀಲಿಲ್ಲ.”

“ನಿನ್ನ ಫೋಟೋ ಎಂತಕ್ಕೆ, ಗದ್ದೇಲಿ ಹಕ್ಕಿ ಓಡ್ಸೂ ಬೆರ್ಚಪ್ಪ ಮಾಡೂಕಾ?” ಎಂದು ಬಂಗಾರಿಯವರು ಸೌದೆ ಮುಂದೂಡುತ್ತಾರೆ.

ಕಳೆದ ಮಾಘದವರೆಗೆ ದಿನಕ್ಕೆ ಐವತ್ತೆರಡು ಡಬ್ಬಿ ಹೋಗುತ್ತಿತ್ತು. ಇವತ್ತು ನಾನು ಎಣಿಸಿದ್ದು ಹತ್ತೊಂಬತ್ತು. ಇದು ಹೀಗೇ ಇಳಿದರೆ ದೀಪಾವಳಿಯ ಮೇಲೆ ಒಲೆ ಹಚ್ಚುವುದಿಲ್ಲ ಎನ್ನುತ್ತಾರೆ. ಡಬ್ಬಿ ಇಳಿದದ್ದಕ್ಕೆ ಕಾರಣ ನಾನು.

ಎರಡು ವರ್ಷದ ಹಿಂದೆ ಸುಮತಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಕಾಲಿನ ಮಾಂಸ ಕರಗಿದೆ, ಕಾಳು ಬೇಳೆ ಹೆಚ್ಚು ತಿನ್ನಲಿ ಎಂದು ಡಾಕ್ಟರು ಹೇಳಿದರು. ನಮ್ಮಲ್ಲಿ ದಿನಾ ತೊವ್ವೆ ಉಂಟಲ್ಲ ಎಂದು ನಾನು ಸುಮ್ಮನಾದೆ. ಪೂಜೆ, ಮಡಿ ಎಂದು ಬದುಕಿದವನು ನಾನು. ಹೊರಗಿನ ಅಡುಗೆ ನಮ್ಮ ಮನೆಯೊಳಗೆ ಬರಬಾರದು ಎಂಬುದು ನಾನು ಮಾಡಿದ ಕಟ್ಟಳೆ. ಅದಕ್ಕೆ ಸುಮತಿ ಒಮ್ಮೆಯೂ ಎದುರಾಡಲಿಲ್ಲ. ನಾನು ದೇವಸ್ಥಾನಕ್ಕೆ ಹೋಗುವ ಹೊತ್ತಿಗೆ ಹಿತ್ತಲ ಮೆಟ್ಟಿಲಿಗೆ ಬಂದು ಬಂಗಾರಿಯವರ ಹುರುಳಿ ತಿನ್ನತೊಡಗಿದಳು. ಅವಳಿಗೆಂದು ದಿನಾ ಬೇರೆಯಾಗಿ ಬೇಯಿಸಿದ್ದು, ಬೆಳ್ಳುಳ್ಳಿ ಹಾಕದ್ದು, ಬರೀ ಉಪ್ಪು, ಕಾಯಿತುರಿ.

ಹಿಂದೆ ನಮ್ಮ ಹಾಲು ಕರೆಯುವ ಹಸುವಿಗೆ ಬೇಯಿಸಿದ ಹುರುಳಿ ತರುತ್ತಿದ್ದವರೂ ಬಂಗಾರಿಯವರೇ. “ಅದೇ ಪಾತ್ರೆಯಲ್ಲಿ ತಾ ಬಂಗಾರಿ. ಯಾರು ಕಂಡ್ರೂ ದನಕ್ಕೆ ಅಂದ್ಕಳ್ಳಲಿ” ಎಂದು ಸುಮತಿಯೇ ಹೇಳಿದ್ದಳಂತೆ. ಎಂಟು ತಿಂಗಳಲ್ಲಿ ಅವಳು ಕೋಲು ಬಿಟ್ಟು ತುಳಸಿಕಟ್ಟೆ ಸುತ್ತಿದಳು. ದೇವರ ದಯೆ ಎಂದು ನಾನು ಕಾಯಿ ಒಡೆದು ಬಂದೆ.

ಮಾಘದಲ್ಲಿ ಜ್ವರ ಬಂದು ಮತ್ತೆ ಹಾಸಿಗೆ ಹಿಡಿದಳು. ನಾನು ದೇವಸ್ಥಾನಕ್ಕೆ ಹೋಗುವುದು ಬಿಟ್ಟು ಮನೆಯಲ್ಲೇ ಉಳಿದೆ. ಮೆಟ್ಟಿಲ ಮೇಲೆ ದನದ ಪಾತ್ರೆ ಕಂಡಿತು. ಕೊಟ್ಟಿಗೆಯಲ್ಲಿ ದನ ತಿನ್ನುವ ಬಾನಿಗೆ ಸುರಿದು, ತೊಳೆದು ಇಟ್ಟೆ. ಖಾಲಿ ಪಾತ್ರೆ ಕಂಡು ಬಂಗಾರಿಯವರು, ಮಾಸ್ತರರಿಗೂ ಗೊತ್ತಾಗಿದೆ, ಅವರೇ ಒಳಗೆ ಒಯ್ದು ಕೊಟ್ಟಿದ್ದಾರೆ, ಅಮ್ಮ ಉಂಡರು ಎಂದುಕೊಂಡು ಹೋದರು. ಒಂದು ದಿನ ಕಾಯಿತುರಿ ಕಣ್ಣಿಗೆ ಬಿತ್ತು. ದನಕ್ಕೂ ಎಷ್ಟು ಉಪಚಾರ ಮಾಡುತ್ತಾಳೆ ಈ ಬಂಗಾರಿ ಎಂದು ನಕ್ಕು, ಅದನ್ನೂ ಸುರಿದೆ.

ಒಳಗಿನಿಂದ ಸುಮತಿ ಕೇಳುತ್ತಿದ್ದಳು: “ಬಂಗಾರಿ ಬಂತಾ?”

“ಬಂತು. ದನಕ್ಕೆ ಹುರುಳಿ ಇಟ್ಟಿಕ್ಕೆ ಹೋತು.”

“ಆತು” ಎನ್ನುತ್ತಿದ್ದಳು. ಹತ್ತೊಂಬತ್ತು ದಿನವೂ ಅಷ್ಟೇ.

ಹುರುಳಿ ತಿಂದಿದ್ದರೆ ಉಳಿಯುತ್ತಿದ್ದಳೇ? ಅದು ಭಗವಂತನಿಗೆ ಗೊತ್ತು. ಹಸಿವಾದರೂ ನನ್ನ ಬಳಿ ಕೇಳಲಾರದೆ ಹೋದಳು ಎಂಬುದು ಮಾತ್ರ ನನಗೆ ಗೊತ್ತು.

ಬಾವಿಕಟ್ಟೆಯ ಬಳಿ ಬಂಗಾರಿಯವರು ಕೇಳಿದ ಮೊದಲ ಮಾತನ್ನು ಯಾರೋ ಕೇಳಿಸಿಕೊಂಡಿದ್ದರು, ಆಮೇಲಿನದ್ದನ್ನು ಕೇಳಿರಲಿಲ್ಲ. ಉತ್ತರಕ್ರಿಯೆಯ ಹತ್ತನೆಯ ದಿನ ನನ್ನ ದಾಯಾದಿ ನಾಗಪತಿ ಎಲ್ಲರೆದುರು ಹೇಳಿದ: “ಹುರುಳಿ ಅಂದ್ರೆ ಉಷ್ಣ. ಹಾಸಿಗೆ ಹಿಡ್ದವ್ಕೆ ಅದು ಅರಗ್ತಾ? ಬಂಗಾರಿ ಹುರುಳಿ ತಿಂದೇ ಅತ್ತಿಗೆ ಹೋತು.” ನಾನು ಅಲ್ಲೇ ಇದ್ದೆ. ಅವಳ ಹೊಟ್ಟೆಗೆ ಒಂದು ಕಾಳೂ ಹೋಗಿಲ್ಲ, ಎಲ್ಲ ದನ ತಿಂದಿದೆ ಎಂದು ಹೇಳಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಕೂತೆ. ನನ್ನ ಮೌನವನ್ನೇ ಹೌದೆಂದುಕೊಂಡರು. ಮಾತು ಕುಮಟೆಗೂ ಭಟ್ಕಳಕ್ಕೂ ಹೋಯಿತು, ಡಬ್ಬಿಗಳು ನಿಂತವು. ತಿಂಗಳಿಗೊಂದರಂತೆ ಎಂಟು ಮಾಸಿಕ ಶ್ರಾದ್ಧಗಳನ್ನು ಮಾಡಿದೆ, ಎಂಟು ಸಲವೂ ಮಂತ್ರ ಹೇಳಿದ ಬಾಯಿಂದ ಈ ಒಂದು ಮಾತು ಹೊರಡಲಿಲ್ಲ.

ಬಂಗಾರಿಯವರಿಗೆ ನಿಜ ಸುಮತಿ ಹೋದ ದಿನದಿಂದಲೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಸುಶ್ಮಿತಾ ಬಂದು ಕೇಳಿದಾಗಲೂ ಹೇಳಲಿಲ್ಲವಂತೆ. ಯಾಕೆ ಎಂದು ಇವತ್ತು ಕೇಳುತ್ತೇನೆ.

“ಯಾರಿಗೂ ಹೇಳ್ಬೇಡ ಅಂದಿದ್ರಲ್ಲ ಅಮ್ಮೋರು” ಎನ್ನುತ್ತಾರೆ, ಸೌಟು ತಿರುಗಿಸುತ್ತ. “ಅವ್ರು ಹೋದ್ರು ಅಂತ ಮಾತು ಹೋತದಾ?”

ನಾನು ಇದನ್ನೆಲ್ಲ ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಸೌಟು ನಿಲ್ಲುತ್ತದೆ.

“ನನ್ನ ಹುರುಳಿ ತಿಂದು ಸತ್ತದ್ದಲ್ಲ ಅಂತ ಬರೀರಿ, ಸಾಕು. ಅಷ್ಟಾದ್ರೆ ಒಲೆ ಉರೀತದೆ. ದನದ ಸುದ್ದಿ ಬೇಡ ಮಾಸ್ತರ್ರೇ. ಜನ ನಿಮ್ಮನ್ನ ನೋಡಿ ನಗ್ತಾರೆ.”

ಅವರ ಆ ಮಾತನ್ನು ನಾನು ನಡೆಸಲಿಲ್ಲ. ದನದ ಸುದ್ದಿ ಬಿಟ್ಟು ಬರೆದರೆ ಯಾರು ನಂಬುತ್ತಾರೆ?

ನಿಮಗೇನು ಆಸೆ ಎಂದು ಕೇಳುತ್ತೇನೆ. ಡಬ್ಬಿ ಮತ್ತೆ ಐವತ್ತಾಗಲಿ ಎನ್ನಬಹುದು ಎಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಎಂತ ಆಸೆ? ಅಮ್ಮೋರು ಒಂದ್ ಸಲನಾದ್ರೂ ದನದ ಪಾತ್ರೆ ಬಿಟ್ಟು, ಇಲ್ಲಿ ಜಗಲಿ ಮೇಲೆ ಕೂತು ಬಿಸಿಬಿಸಿ ತಿನ್ಬೇಕಿತ್ತು. ಬತ್ತೆ ಅಂದಿದ್ರು.”

ಒಳಗೆ ಹೋಗಿ ಸ್ಟೀಲಿನ ಬಟ್ಟಲು ತರುತ್ತಾರೆ. ಬೆಳ್ಳುಳ್ಳಿ ಹಾಕುವ ಮೊದಲೇ ತೆಗೆದಿಟ್ಟ ಹುರುಳಿ, ಮೇಲೆ ಕಾಯಿತುರಿ. ಕೊಡಲೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ನಾನು ಎದ್ದು ತೆಗೆದುಕೊಂಡು, ಜಗಲಿಯ ಮೇಲೆ, ದಾರಿಹೋಕರಿಗೆ ಕಾಣುವಂತೆ ಕೂತು ತಿನ್ನುತ್ತೇನೆ. ರುಚಿಯಾಗಿದೆ. ಇಷ್ಟು ರುಚಿಯನ್ನು ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದಳು.

ಭಗವಂತಾ, ಸುಮತಿ ಈಗ ನಿನ್ನ ಮನೆಯಲ್ಲಿದ್ದಾಳೆ. ಅಲ್ಲಿ ಅವಳು ಬಚ್ಚಿಟ್ಟು ತಿನ್ನುವಂತೆ ಆಗದಿರಲಿ. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವಂತಾಗಲಿ, ಕೇಳಿದ್ದು ಅವಳ ಕೈಗೇ ಸೇರಲಿ. ಆ ಜೀವಕ್ಕೆ ಶಾಂತಿ ಕೊಡು.