ತೊಳೆದು ತಂದ ಸೀಸೆ

ಅವರನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ. ನಮ್ಮ ಪ್ರಯೋಗಾಲಯದ ಕಿಟಕಿಯ ಮುಂದೆ ಮೂರು ಕಬ್ಬಿಣದ ಕುರ್ಚಿಗಳಿದ್ದವು. ನಡುವಿನದರಲ್ಲಿ ಹೆಂಡತಿ ಕೂತಿದ್ದರು, ಗಂಡ ಗೋಡೆಗೆ ಒರಗಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒದ್ದೆಯಾಗಿ ಬಾಚಿದ ಕೂದಲು, ಕಿವಿಯ ಮಡಿಕೆಯಲ್ಲಿ ಮಾತ್ರ ತೊಳೆದರೂ ಹೋಗದ ನೀಲಿ ಪುಡಿ. ಅವರ ಹೆಸರು ಬರೆದುಕೊಳ್ಳುವಾಗ ನನ್ನ ಪೆನ್ನು ಕೈಜಾರಿ ಬಿತ್ತು. ಅದು ನೆಲ ಮುಟ್ಟಿದ ಸದ್ದಿಗೇ ಅವರು, "ಪೆನ್ನಿನ ಮುಚ್ಚಳ ಬೇರೆ ಮಾಲು, ಕೊಳವೆ ಬೇರೆ ಮಾಲು. ಎರಡನ್ನೂ ಸೇರಿಸಿ ಅರೆಯೋಕಾಗಲ್ಲ" ಅಂದರು.

"ಇಲ್ಲೂ ಶುರು ಮಾಡಿದ್ರಾ?" ಎಂದು ಹೆಂಡತಿ ಹಣೆ ಚಚ್ಚಿಕೊಂಡರು.

ಹಳೆಯ ಪ್ಲಾಸ್ಟಿಕ್ ಅರೆದು ಚೂರು ಮಾಡುವ ಶೆಡ್ಡಿಗೆ ಅವರು ಮೇಸ್ತ್ರಿ. ಡಬ್ಬಿಯನ್ನು ನೆಲಕ್ಕೆ ಕುಕ್ಕಿದರೆ ಬರುವ ಸದ್ದಿನಲ್ಲೇ ಅದು ಯಾವ ರಾಶಿಗೆ ಸೇರಬೇಕೆಂದು ಹೇಳುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಕಿವಿ ಮೇಸ್ತ್ರಿ. ಹದಿನಾರು ವರ್ಷದಲ್ಲಿ ಹೀಗೆ ಬೇರೆ ಮಾಡಿದ ಮಾಲು ಒಮ್ಮೆಯೂ ವಾಪಸು ಬಂದಿಲ್ಲ ಎಂಬುದು ಅವರ ಹೆಮ್ಮೆ. ಮದುವೆಯಾಗಿ ಏಳು ವರ್ಷವಾಗಿತ್ತು, ಮಗುವಾಗಿರಲಿಲ್ಲ. ಆ ಏಳು ವರ್ಷವೂ ಪರೀಕ್ಷೆ, ಸ್ಕ್ಯಾನು, ಮಾತ್ರೆ ಎಲ್ಲವೂ ಹೆಂಡತಿಗೇ. ಕಂಡ ಕಂಡ ಡಬ್ಬಿಯನ್ನೆಲ್ಲ ಪರೀಕ್ಷೆ ಮಾಡುವ ಮೇಸ್ತ್ರಿ ತಮ್ಮನ್ನು ತಾವು ಒಮ್ಮೆಯೂ ಪರೀಕ್ಷೆಗೆ ಒಡ್ಡಿಕೊಂಡಿರಲಿಲ್ಲ.

"ಏಳು ವರ್ಷದಿಂದ ಊರಲ್ಲಿರೋ ಇಂಥ ಕುರ್ಚಿನೆಲ್ಲ ಬಿಸಿ ಮಾಡ್ತಿರೋಳು ನಾನೇ. ಈ ಸಲ ಇವರ ಸರದಿ" ಅಂದರು ಹೆಂಡತಿ.

ಆಗ ನಮ್ಮ ಡಾಕ್ಟರಮ್ಮ ಗಂಡಸರ ವೀರ್ಯದಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳಿವೆಯೇ ಎಂದು ಹುಡುಕುತ್ತಿದ್ದರು. ಹಾಗಾಗಿ ಮಾದರಿ ತರಲು ಗಾಜಿನ ಸೀಸೆಯನ್ನೇ ಕೊಡುತ್ತಿದ್ದೆವು. ಗುರುವಾರ ಬೆಳಗ್ಗೆ ಮನೆಯಿಂದ ಅರ್ಧ ಗಂಟೆಯೊಳಗೆ ತನ್ನಿ, ಮೈಯ ಬಿಸಿ ತಾಗುವಂತೆ ಇಟ್ಟುಕೊಂಡು ತನ್ನಿ ಎಂದೆ. ಇನ್ನೊಂದು ಮಾತು ಹೇಳಬೇಕಿತ್ತು. ಅದು ಯಾರಿಗಾದರೂ ಹೇಳಬೇಕಾದೀತೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಮೇಸ್ತ್ರಿ ಹೇಳಿದ ಹೊತ್ತಿಗೆ ಸರಿಯಾಗಿ ತಂದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ವೀರ್ಯಾಣುವೂ ಅಲುಗುತ್ತಿರಲಿಲ್ಲ. ಅವುಗಳ ನಡುವೆ ನೀಲಿ ಚೂರುಗಳು ಎಳ್ಳು ಚೆಲ್ಲಿದ ಹಾಗೆ ಹರಡಿದ್ದವು. ನಾನು ಡಾಕ್ಟರಮ್ಮನನ್ನು ಕರೆದೆ. ಅವರೂ ಎರಡೆರಡು ಸಲ ನೋಡಿದರು. ಇಬ್ಬರನ್ನೂ ಒಳಗೆ ಕೂರಿಸಿ ವಿಷಯ ಹೇಳಿದಾಗ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ಮೇಸ್ತ್ರಿ ಸೂಕ್ಷ್ಮದರ್ಶಕದ ಕಡೆ ಬೊಟ್ಟು ಮಾಡಿದರು.

"ನಾನೊಂದ್ಸಲ ನೋಡ್ಬಹುದಾ?"

ಒಂದು ಕಣ್ಣು ಮುಚ್ಚಿ ಬಗ್ಗಿದವರು ಎರಡು ನಿಮಿಷ ತಲೆ ಎತ್ತಲಿಲ್ಲ.

"ಇದು ನನ್ನ ಮಾಲು" ಅಂದರು ಕೊನೆಗೆ. "ನೀಲಿ ಡ್ರಮ್ಮು. ನಿನ್ನೆ ಸಂಜೆ ಅರೆದಿದ್ದು. ಅಂಚು ನೋಡಿ ಡಾಕ್ಟರಮ್ಮ, ಹರಿದ ಹಾಗಿದೆ, ಕತ್ತರಿಸಿದ ಹಾಗಿಲ್ಲ. ನಿನ್ನೆ ಬ್ಲೇಡು ಮೊಂಡಾಗಿತ್ತು. ನಿನ್ನೆ ಅರೆದಿದ್ದು ಇವತ್ತು ಬೆಳಗ್ಗೆ ನನ್ನ ಮೈಯೊಳಗಿಂದ ಹೇಗೆ ಬರತ್ತೆ?"

ಹೆಂಡತಿ ಥಟ್ಟನೆ ತಿರುಗಿದರು. "ರೀ, ಸೀಸೆ ತೊಳೆದ್ರಾ?"

"ತೊಳೀದೆ ಇರ್ತೀನಾ? ಶೆಡ್ಡಿಗೆ ತಗೊಂಡು ಹೋಗಿ, ಡಬ್ಬಿ ತೊಳೆಯೋ ಸೋಡಾ ಪುಡಿ ಹಾಕಿ ಉಜ್ಜಿದೀನಿ. ನನ್ನ ಟವಲಲ್ಲೇ ಒರೆಸಿದೀನಿ."

ತೊಳೆಯದ ಡಬ್ಬಿ ಯಂತ್ರದ ಹತ್ತಿರ ಬರಕೂಡದು ಎಂಬುದು ಅವರ ಶೆಡ್ಡಿನ ಮೊದಲ ನಿಯಮ. ಟವಲು ನೇತಾಡುತ್ತಿದ್ದುದು ಯಂತ್ರದ ಪಕ್ಕದ ಮೊಳೆಗೆ.

"ಏಳು ವರ್ಷದಲ್ಲಿ ಮನೇಲಿ ಒಂದು ಲೋಟ ತೊಳೆದೋರಲ್ಲ" ಅಂದರು ಹೆಂಡತಿ. "ತೊಳೆದಿದ್ದು ಒಂದೇ ಒಂದು, ಅದೂ ಇದನ್ನ!"

ಡಾಕ್ಟರಮ್ಮ ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಸೋಡಾ ಪುಡಿ ತಾಗಿದರೆ ಯಾವ ವೀರ್ಯಾಣುವೂ ಉಳಿಯುವುದಿಲ್ಲ, ಈ ವರದಿ ಲೆಕ್ಕಕ್ಕಿಲ್ಲ ಎಂದರು.

ಮುಂದಿನ ವಾರದ ಸೀಸೆಯನ್ನು ಅವರು ತೊಳೆಯಲಿಲ್ಲ. ಈ ಸಲ ಜೀವವಿತ್ತು. ಆದರೆ ಸಂಖ್ಯೆ ಇರಬೇಕಾದ್ದರ ಮೂರರಲ್ಲೊಂದು ಪಾಲು, ಓಡಾಟವೂ ಮಂದ. ಶುದ್ಧ ಸೀಸೆಯಲ್ಲೂ ಪ್ಲಾಸ್ಟಿಕ್ಕಿನ ನಾಲ್ಕು ಕಣ ಸಿಕ್ಕವು, ಧೂಳಿಗಿಂತ ಸಣ್ಣವು.

"ಇವೇ ಕಾರಣಾನಾ?" ಎಂದು ಮೇಸ್ತ್ರಿ ಡಾಕ್ಟರಮ್ಮನನ್ನು ಕೇಳಿದರು.

"ಇಲಿಗಳಿಗೆ ಇಂಥ ಕಣ ತಿನ್ನಿಸಿದಾಗ ಸಂಖ್ಯೆ ಇಳಿದಿದೆ. ಮನುಷ್ಯರಲ್ಲಿ ಕಣ ಸಿಕ್ಕಿವೆ. ಅವುಗಳಿಂದಲೇ ಹೀಗಾಯ್ತು ಅಂತ ಇನ್ನೂ ಖಚಿತವಾಗಿಲ್ಲ. ನಿಮ್ಮ ಶೆಡ್ಡಿನ ಸೆಕೆಯೂ ಕಾರಣ ಇರಬಹುದು."

"ಅಂದ್ರೆ ಇಲಿಗಾಗಿದ್ದು ನನಗೆ ಆಗಲೇಬೇಕು ಅಂತಿಲ್ಲ, ಆಗಲ್ಲ ಅಂತಾನೂ ಇಲ್ಲ. ಕೆಲಸ ಬಿಡ್ಬೇಕಾ?"

"ಕೆಲಸ ಇರಲಿ, ಧೂಳು ಬಿಡಿ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಮೂರು ತಿಂಗಳು ಬಿಟ್ಟು ನೋಡೋಣ."

"ಧೂಳು ನನ್ನ ಕೈಲಿದೆ" ಎಂದು ಎದ್ದರು ಮೇಸ್ತ್ರಿ.

ಅಂದೇ ಮನೆಗೆ ಹೋಗಿ ತಾಯಿಯ ಮುಂದೆ ವರದಿ ಇಟ್ಟರಂತೆ. "ಅಮ್ಮ, ಇನ್ಮೇಲೆ ಇವಳನ್ನ ಏನೂ ಕೇಳ್ಬೇಡ. ಈ ಚೀಟಿ ನನ್ನ ಹೆಸರಲ್ಲಿದೆ." ಆ ತಾಯಿ, "ನಿಮ್ಮಪ್ಪನೂ ಹೀಗೇ. ಒಪ್ಪೋದು ಒಪ್ತಿದ್ರು, ಏಳು ವರ್ಷ ತಡವಾಗಿ" ಅಂದರಂತೆ. ಇದನ್ನು ನನಗೆ ಹೇಳಿದವರು ಹೆಂಡತಿ, ಬಹಳ ಸಂತೋಷದಿಂದ.

ಮೇಸ್ತ್ರಿ ಯಂತ್ರದ ಬಾಯಿಗೆ ನೀರಿನ ಕೊಳವೆ ಜೋಡಿಸಿದರು, ಧೂಳು ಏಳದೆ ಮಾಲು ನೆನೆಯುತ್ತಲೇ ಚೂರಾಗುವಂತೆ. ಗೋಡೆ ಒಡೆಸಿ ದೊಡ್ಡ ಫ್ಯಾನು ಕೂರಿಸಿದರು. ಬುತ್ತಿ ಬಿಚ್ಚುವ ಜಾಗ ಹೊರಗಿನ ಕಟ್ಟೆಗೆ ಹೋಯಿತು. ಪ್ಲಾಸ್ಟಿಕ್ ಕಪ್ಪು ಹೋಗಿ ಸ್ಟೀಲ್ ಲೋಟ ಬಂತು. ಕೆಲಸದ ಅಂಗಿ ಮನೆಗೆ ಬರುವುದು ನಿಂತಿತು.

"ಮೇಸ್ತ್ರಿ, ಮಿಷನ್‌ಗೆ ದಿನಾ ಸ್ನಾನಾನಾ?" ಎಂದು ಆಳುಗಳು ಕಿಚಾಯಿಸಿದರು.

"ಹೂಂ. ನಿನಗೂ ಮಾಡಿಸ್ತೀನಿ, ಬಾ. ಯಾವಾಗ ಮಾಡಿದ್ಯೋ ಏನೋ!"

ಮೂರು ತಿಂಗಳ ನಂತರ ಸಂಖ್ಯೆ ಎರಡರಷ್ಟಾಗಿತ್ತು, ಓಟವೂ ಚುರುಕಾಗಿತ್ತು. ಯಾವುದರಿಂದ ಹೀಗಾಯಿತೆಂದು ಹೇಳಲಾಗದು ಎಂದು ಡಾಕ್ಟರಮ್ಮ ಮತ್ತೆ ಹೇಳಿದರು.

"ಯಾವುದರಿಂದ ಅಂತ ಹುಡುಕೋದು ನಿಮ್ಮ ಕೆಲಸ" ಅಂದರು ಮೇಸ್ತ್ರಿ. "ನಾನಂತೂ ಯಾವುದನ್ನೂ ನಿಲ್ಲಿಸಲ್ಲ."

ಮರುವರ್ಷ ಅವರಿಗೆ ಮಗಳು ಹುಟ್ಟಿದಳು. ಯಾರಾದರೂ ಗಿಲಕಿ ತಂದರೆ ಮೊದಲು ಅಪ್ಪ ಅದನ್ನು ನೆಲಕ್ಕೆ ಕುಕ್ಕಿ ನೋಡಬೇಕು, ಆಮೇಲೇ ಮಗಳ ಕೈಗೆ.

ಈಗಲೂ ಅವರು ಅದೇ ಶೆಡ್ಡಿನ ಮೇಸ್ತ್ರಿ. ಸುತ್ತಲಿನ ಆರು ಶೆಡ್ಡುಗಳ ಯಂತ್ರಗಳಿಗೂ ಅವರೇ ನೀರಿನ ಕೊಳವೆ ಜೋಡಿಸಿಕೊಟ್ಟಿದ್ದಾರೆ. ತಿಂಗಳಿಗೊಂದು ಶನಿವಾರ ಅಲ್ಲಿನ ಗಂಡಸರಲ್ಲಿ ಒಬ್ಬಿಬ್ಬರನ್ನು ನಮ್ಮ ಕಿಟಕಿಯ ಮುಂದೆ ತಂದು ಕೂರಿಸುತ್ತಾರೆ. ನಾನು ಗಾಜಿನ ಸೀಸೆ ಕೊಡುತ್ತೇನೆ, ತೊಳೆಯಬೇಡಿ ಎಂದು ಮೇಸ್ತ್ರಿ ಹೇಳುತ್ತಾರೆ.