ಎಂ.ಎ. ಓದಿದ ಅಕ್ಕೋರು

ನನಗೆ ಹಾಡು ಕಲಿಸಿದ ಅಕ್ಕೋರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಚಿಕ್ಕವರಿದ್ದಾಗ ಪಾವರ್‌ಲೂಮಿಗೆ ಸಿಕ್ಕು ಹೋದದ್ದು. ಹಾರ್ಮೋನಿಯಂ ನುಡಿಸುವಾಗ ಆ ಮೋಟು ಬೆರಳನ್ನು ಮೇಲೆತ್ತಿ ಹಿಡಿದು ಉಳಿದವನ್ನು ಓಡಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳಿದವರಿಗೆ ಒಂದು ಬೆರಳಿನ ಕೊರತೆ ತಿಳಿಯುತ್ತಲೇ ಇರಲಿಲ್ಲ.

ಬನಹಟ್ಟಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಮುಂದೆ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಗೀತ ಪಾಠ. ಹತ್ತು ವರ್ಷ ನಾನು ಅಲ್ಲಿ ಹಾಡಲು ಕಲಿತೆ. ಮಗ್ಗದ ಸದ್ದಿಗೆ ನನ್ನ ದನಿ ಏರಿದರೆ, "ಅದರ ಕೂಡ ಜಗಳಾ ಆಡಬ್ಯಾಡ. ಅದು ಅದರ ಕೆಲಸಾ ಮಾಡ್ಲಿ, ನೀ ನಿನ್ನ ಷಡ್ಜಾ ಹಿಡಿ," ಎನ್ನುತ್ತಿದ್ದರು.

ಬಿ.ಎ. ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಸಂಗೀತದ ಎಂ.ಎ.ಗೆ ಅರ್ಜಿ ಹಾಕಿದೆ. ಪ್ರವೇಶಕ್ಕೆ ಮೊದಲು ಹಾಡಿ ತೋರಿಸಬೇಕಿತ್ತು. ಜೊತೆಗೆ ಅಕ್ಕೋರೇ ಬಂದರು. ಆ ದಿನ ಹಾರ್ಮೋನಿಯಂ ಸಾಥ್ ನೀಡಬೇಕಾದವರು ಬಂದಿರಲಿಲ್ಲ. "ನಾ ಕೂಡ್ಲೇನ್ರಿ?" ಎಂದು ಕೇಳಿ ಅಕ್ಕೋರು ಕುಳಿತರು. ನಾನು ಭೀಮಪಲಾಸ ಹಾಡಿದೆ. ಮುಗಿದಾಗ ಪ್ರಾಧ್ಯಾಪಕರು ನನ್ನನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

"ನೀವು ಎಲ್ಲೀತನಾ ಓದೀರಿ?"

"ಮದುವಿ ಆದಮ್ಯಾಲೆ ಎಕ್ಸ್‌ಟರ್ನಲ್ ಕಟ್ಟಿ ಬಿ.ಎ. ಮುಗಿಸೇನ್ರಿ."

"ಹಂಗಾದ್ರ ನೀವೂ ಅರ್ಜಿ ಹಾಕ್ರಿ. ವಯಸ್ಸಿನ ಅಡ್ಡಿ ಇಲ್ಲ."

ಮರಳುವಾಗ ಮುಧೋಳದಲ್ಲಿ ಬಸ್ಸಿನಿಂದ ಇಳಿದೆವು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಕ್ಕೋರು ಕೇಳಿದರು: "ನಾನೂ ಬಂದು ನಿನ್ನ ಬಾಜೂಕ ಕುಂತ್ರ ನಿನಗ ನಾಚಿಕಿ ಆಗತೈತೇನು?"

ನಲವತ್ತೆಂಟರ ಗುರು ನನ್ನ ತರಗತಿಯಲ್ಲಿ! ಉಳಿದ ಹುಡುಗಿಯರು ಏನಂದಾರು ಎಂಬ ಯೋಚನೆ ಬಂದದ್ದು ನಿಜ. ಅವರು ನನ್ನ ಮುಖ ನೋಡಿದರು. "ಆತು ಬಿಡು, ಸುಮ್ನ ಕೇಳಿದೆ," ಎಂದು ಕಪ್ಪು ಕೆಳಗಿಟ್ಟರು.

ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಮರುದಿನ ಜಮಖಂಡಿಯ ಕಾಲೇಜಿಗೆ ಹೋಗಿ ಅರ್ಜಿ ತಂದು ಅವರ ಮುಂದಿಟ್ಟೆ. ಅವರ ಯಜಮಾನರು ಮಗ್ಗ ನಿಲ್ಲಿಸಿ ಎದ್ದು ಬಂದರು. "ತುಂಬು, ಇಲ್ಲಿದು ನಾ ನೋಡ್ಕೋತೇನಿ," ಎಂದು ಪೆನ್ನು ಕೊಟ್ಟವರು ಅವರೇ.

ಎರಡು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ತಮಗಿಂತ ಚಿಕ್ಕ ವಯಸ್ಸಿನ ಉಪನ್ಯಾಸಕರು ಒಳಗೆ ಬಂದರೂ ಅಕ್ಕೋರೇ ಮೊದಲು ಎದ್ದು ನಿಲ್ಲುತ್ತಿದ್ದರು. ಅವರದು ಕಿವಿಯ ವಿದ್ಯೆ. ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅದನ್ನು ನಾನು ಕಲಿಸಿದೆ. "ಈಗ ನೀ ಅಕ್ಕೋರು. ತಪ್ಪಿದ್ರ ಬೈಯವ್ವ," ಎನ್ನುತ್ತಿದ್ದರು. ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಅವರು ಥಿಯರಿಯಲ್ಲಿ ನಪಾಸಾದರು. ನೋಟಿಸ್ ಬೋರ್ಡಿನ ಮುಂದೆ ಹುಡುಗ ಹುಡುಗಿಯರ ಗುಂಪು. ಇನ್ನು ಊರಿಗೆ ಹೊರಟುಬಿಡುತ್ತಾರೆ ಎಂದುಕೊಂಡೆ. ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಹಾಡೂದರಾಗ ಅಲ್ಲಲ್ಲ, ಬರಿಯೂದರಾಗ ಹೋಗೇತಿ. ಬರಿಯೂದು ಕಲೀತೇನಿ ನಡಿ."

ಕಲಿತರು. ಮುಂದಿನ ಸಲ ಪಾಸಾದರು. ಕೊನೆಯ ಗಾಯನ ಪರೀಕ್ಷೆಯ ದಿನ ಅವರು ಹಾಡತೊಡಗಿದಾಗ ಬಾಗಿಲ ಬಳಿ ಇಡೀ ವಿಭಾಗವೇ ಬಂದು ನಿಂತಿತು. ಸಮಯ ಮೀರಿತು, ಗಂಟೆ ಬಾರಿಸಬೇಕಾದವರು ಬಾರಿಸಲೇ ಇಲ್ಲ. ಪಕ್ಕದಲ್ಲಿದ್ದವಳು ಕೇಳದಿದ್ದರೂ ನಾನು ಹೇಳಿದೆ: "ಇವ್ರ ನೋಡು, ನನಗ ಕಲಿಸಿದ ಅಕ್ಕೋರು."

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅದಕ್ಕೆ ಎಂಟು ದಿನ ಮೊದಲು ಮಹಾಲಿಂಗಪುರದ ಆಸ್ಪತ್ರೆಗೆ ಸೇರಿಸಲು ಹೋದಾಗ ಅವರ ಜೊತೆ ನಾನಿದ್ದೆ. ದಾಖಲಾತಿ ಅರ್ಜಿಯಲ್ಲಿ ಉದ್ಯೋಗದ ಮುಂದೆ ಗುಮಾಸ್ತ ಕೇಳದೆಯೇ 'ಗೃಹಿಣಿ' ಎಂದು ಬರೆದ. ಗಾಲಿಕುರ್ಚಿಯಲ್ಲಿ ಕುಳಿತು ಉಸಿರಿಗೆ ಕಷ್ಟಪಡುತ್ತಿದ್ದ ಅಕ್ಕೋರು ಕೈ ಎತ್ತಿ ತಡೆದರು.

"ಅದನ್ನ ಹೊಡದು ಹಾಕ್ರಿ. ಸಂಗೀತ ಶಿಕ್ಷಕಿ, ಎಂ.ಎ. ಅಂತ ಬರೀರಿ. ಈಕಿ ನನ್ನ ಕ್ಲಾಸ್‌ಮೇಟ್ ಅದಾಳ, ಬೇಕಾದ್ರ ಕೇಳ್ರಿ."

ಗುಮಾಸ್ತ ನನ್ನ ಮುಖ ನೋಡಿದ.

"ಹೌದ್ರಿ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಬೇರಾವ ಮಾತನ್ನೂ ಆಡಿದ ನೆನಪಿಲ್ಲ.